53ಕ್ಕೆ ಜೊತೆ ಬೇಕೆನಿಸಿದರೆ ತಪ್ಪಾ?

ಪ್ರಶ್ನೆ: ನನಗೆ 53 ವರ್ಷ. ಸರ್ಕಾರಿ ನೌಕರಿಯಲ್ಲಿದ್ದ ನಮ್ಮನೆಯವರು ತೀರಿಕೊಂಡು ಆರು ವರ್ಷವಾಯಿತು. ಕುಟುಂಬ ಪಿಂಚಣಿ ಬರುತ್ತದೆ, ದುಡ್ಡಿಗೆ ತೊಂದರೆಯಿಲ್ಲ. ಮಗ ಬೆಂಗಳೂರಿನಿಂದ ದಿನಾ ರಾತ್ರಿ ಫೋನ್ ಮಾಡಿ ‘ಊಟ ಆಯ್ತಾ, ಮಾತ್ರೆ ತಗೊಂಡ್ಯಾ’ ಅಂತ ಕೇಳಿ ಇಡುತ್ತಾನೆ. ವಾಕಿಂಗ್‌ನಲ್ಲಿ ಒಬ್ಬರ ಪರಿಚಯವಾಗಿದೆ, ಅವರಿಗೂ ಹೆಂಡತಿ ಇಲ್ಲ. ಹೇಳೋಕೆ ನಾಚಿಕೆ. ಬರೀ ಮಾತಲ್ಲ, ಅವರ ಕೈ ಹಿಡಿದುಕೊಳ್ಳಬೇಕು, ಪಕ್ಕದಲ್ಲಿ ಮಲಗಬೇಕು ಅಂತಲೂ ಅನಿಸುತ್ತದೆ. ಈ ವಯಸ್ಸಿಗೆ ಇದು ಸರೀನಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸರಿ ಅಮ್ಮಾ, ನೂರಕ್ಕೆ ನೂರು ಸರಿ. ಹೆಂಡತಿ ಕಳೆದುಕೊಂಡ ಗಂಡಸು ಇದೇ ಮಾತು ಆಡಿದರೆ ‘ಪಾಪ, ನೋಡಿಕೊಳ್ಳೋಕೆ ಯಾರಾದರೂ ಬೇಕಲ್ವಾ’ ಅಂತ ನೆಂಟರೇ ಹೆಣ್ಣು ಹುಡುಕುತ್ತಾರೆ, ಹೆಂಗಸು ಆಡಿದರೆ ಮೊಮ್ಮಕ್ಕಳು, ದೇವಸ್ಥಾನ ಅಂತ ಇರಬಾರದಾ ಅಂತಾರೆ. ನನಗೆ ಇದು ಸಿಟ್ಟು ಬರುವ ವಿಷಯ. ವಿಧವಾ ವಿವಾಹಕ್ಕೆ ಕಾನೂನು 1856ರಲ್ಲೇ ಒಪ್ಪಿಗೆ ಕೊಟ್ಟಿದೆ, ಮನೆಯವರ ಒಪ್ಪಿಗೆ ಇವತ್ತಿಗೂ ಸುಲಭಕ್ಕೆ ಸಿಗಲ್ಲ.

ಮಗನಿಗೆ ನಿಮ್ಮ ಮೇಲೆ ಪ್ರೀತಿ ಇದೆ. ಆದರೆ ಮಾತ್ರೆ ತಗೊಂಡ್ಯಾ ಅನ್ನೋದು ಬೇರೆ, ಎದುರಿಗೆ ಕೂತು ‘ಯಾಕೆ ಇವತ್ತು ಮುಖ ಸಪ್ಪಗಿದೆ’ ಅನ್ನೋದು ಬೇರೆ. ಒಂಟಿತನ ಬರೀ ಮನಸ್ಸಿನ ಕೊರಗಲ್ಲ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಅಲ್ಲಿನ ಸರ್ಕಾರದ ಮುಖ್ಯ ಡಾಕ್ಟರ್ ಆಗಿದ್ದಾಗ, 2023ರಲ್ಲಿ, ಇದರ ಮೇಲೆ ಒಂದು ವರದಿಯನ್ನೇ ಹೊರತಂದರು. ಜನರ ಒಡನಾಟ ಕಮ್ಮಿಯಾದರೆ ಹೃದಯದ ಕಾಯಿಲೆ, ಪಾರ್ಶ್ವವಾಯು, ಮರೆವಿನ ಕಾಯಿಲೆಯ ಅಪಾಯ ಜಾಸ್ತಿ ಅಂತ ಅದರಲ್ಲಿದೆ.

ಮುಟ್ಟು ನಿಂತ ಕೂಡಲೇ ಆಸೆ ನಿಲ್ಲಬೇಕು ಅಂತೇನಿಲ್ಲ. ಈ ವಯಸ್ಸಿನಲ್ಲಿ ಒಣಗಿದಂತಾಗಿ ಸೇರುವಾಗ ನೋವಾಗೋದು ಸಾಮಾನ್ಯ, ಅದಕ್ಕೆ ಜೆಲ್ಲು, ಕ್ರೀಮು ಇವೆ, ಮುಜುಗರ ಬಿಟ್ಟು ಹೆಂಗಸರ ಡಾಕ್ಟರನ್ನು ಕೇಳಿ.

ಅವಸರ ಮಾತ್ರ ಬೇಡ. ವಾಕಿಂಗ್‌ನಲ್ಲಿ ಪರಿಚಯವಾದ ಅವರ ಮನಸ್ಸಿನಲ್ಲಿ ಇರೋದು ಮದುವೆಯಾ, ಸ್ನೇಹವಾ, ಅಥವಾ ಸುಮ್ನೆ ಹೊತ್ತು ಕಳೆಯೋದಾ ಅಂತ ಕೇಳದೆ ಗೊತ್ತಾಗಲ್ಲ. ಅವರ ಮನೆಯವರನ್ನು ಭೇಟಿ ಮಾಡಿ. ಪರಿಚಯವಾದ ಹೊಸದರಲ್ಲೇ ಕೈಸಾಲ ಕೇಳಿದರೆ, ‘ಯಾರಿಗೂ ಹೇಳಬೇಡಿ’ ಅಂತ ಒತ್ತಾಯ ಮಾಡಿದರೆ ಅಲ್ಲಿಗೇ ಬಿಟ್ಟುಬಿಡಿ.

ಮದುವೆಯ ಮಾತು ಬಂದರೆ ಪಿಂಚಣಿ ನೆನಪಿರಲಿ. ಮರುಮದುವೆಯಾದರೆ ಕುಟುಂಬ ಪಿಂಚಣಿ ಸಾಮಾನ್ಯವಾಗಿ ನಿಲ್ಲುತ್ತದೆ, ಹಾಗಾಗಿ ಮೊದಲೇ ಖಜಾನೆಯಲ್ಲಿ ವಿಚಾರಿಸಿ. ಗಂಡನಿಂದ ಈಗಾಗಲೇ ನಿಮ್ಮ ಪಾಲಿಗೆ ಬಂದಿರುವ ಆಸ್ತಿ ಮಾತ್ರ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಿಮ್ಮದೇ, ಇನ್ನೊಂದು ಮದುವೆಯಾದರೂ ಅದು ಕೈತಪ್ಪಲ್ಲ. ಮಗನ ಒಳಗಿನ ಭಯ ಎಷ್ಟೋ ಸಲ ಈ ಆಸ್ತಿಯದ್ದೇ ಆಗಿರುತ್ತದೆ. ಅವನಿಗೆ ಫೋನಿನಲ್ಲಿ ಹೇಳಬೇಡಿ, ಊರಿಗೆ ಬಂದಾಗ, ಸೊಸೆ ಇದ್ದರೆ ಅವಳನ್ನೂ ಕೂರಿಸಿಕೊಂಡು ಹೇಳಿ. ಅನುಮತಿ ಕೇಳುವ ಧಾಟಿ ಬೇಡ, ‘ನನಗೆ ಹೀಗನಿಸುತ್ತಿದೆ, ನಿನಗೆ ತಿಳಿದಿರಲಿ’ ಅಂದರೆ ಸಾಕು. ನಿಮ್ಮ ವಾಕಿಂಗ್ ಸ್ನೇಹಿತರೂ ತಮ್ಮ ಮನೆಯಲ್ಲಿ ಈ ಮಾತು ಎತ್ತಲಿ, ಎಲ್ಲ ಭಾರ ನಿಮ್ಮೊಬ್ಬರ ಮೇಲೆ ಬೀಳೋದು ಬೇಡ.