ಚಂದ್ರನಿಂದ ಮಹಾಗೋಡೆ ಕಾಣುತ್ತಾ?

'ಚಂದ್ರನಿಂದ ಬರಿಗಣ್ಣಿಗೆ ಚೀನಾದ ಮಹಾಗೋಡೆ ಕಾಣುತ್ತೆ' ಅಂತ ನಿಮ್ಮ ಮಾವ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದಾರೆ, ಜಗಳವಾಗದ ಹಾಗೆ ತಿದ್ದುವುದು ಹೇಗೆ ಅಂತ ಕೇಳಿದ್ದೀರಿ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಕಾಣುವುದಿಲ್ಲ.

ಗೋಡೆ ಸಾವಿರಾರು ಕಿಲೋಮೀಟರ್ ಉದ್ದ ಇದೆ, ನಿಜ. ಆದರೆ ದೂರದಿಂದ ಕಣ್ಣಿಗೆ ಬೀಳಬೇಕಾದರೆ ಅಗಲ ಬೇಕಲ್ವಾ? ಹೆಚ್ಚಿನ ಕಡೆ ಅದು 10 ಮೀಟರ್ ಕೂಡ ಇಲ್ಲ. ಚಂದ್ರ ಇರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ. ಒಂದು ತಲೆಗೂದಲನ್ನು 3 ಕಿ.ಮೀ. ಆಚೆ ಹಿಡಿದು 'ನೋಡು' ಅಂದ ಹಾಗೆ! ಸಾಲದ್ದಕ್ಕೆ ಗೋಡೆಯ ಬಣ್ಣವೂ ಹೆಚ್ಚುಕಮ್ಮಿ ಸುತ್ತಲಿನ ಮಣ್ಣಿನದೇ. 2003ರಲ್ಲಿ ಬಾಹ್ಯಾಕಾಶಕ್ಕೆ ಹೋದ ಚೀನಾದ ಯಾಂಗ್ ಲಿವೈ ಭೂಮಿಯಿಂದ ಕೆಲವೇ ನೂರು ಕಿ.ಮೀ. ಮೇಲಿದ್ದರು. ಅವರಿಗೂ ಗೋಡೆ ಕಾಣಲಿಲ್ಲ.

ಇದನ್ನೆಲ್ಲ ಗ್ರೂಪಿನಲ್ಲಿ ಹಾಕಬೇಡಿ. ಮಾವನಿಗೆ ಮಾತ್ರ ಕಳಿಸಿ. 'ನಾನೂ ಹಾಗೇ ಅಂದ್ಕೊಂಡಿದ್ದೆ ಮಾವ, ಲೆಕ್ಕ ಹಾಕಿ ನೋಡಿದರೆ ಬೇರೆಯೇ ಬಂತು' ಅಂತ ಶುರು ಮಾಡಿ. ನಾನು ಹಿಂದೊಮ್ಮೆ ಸುಮ್ನಿರದೆ ಎಲ್ಲರೆದುರು ತಿದ್ದಲು ಹೋಗಿದ್ದೆ. ಎರಡು ದಿನ ವಾದ ನಡೆಯಿತು. ಕೊನೆಗೆ ಶುರುವಾಗಿದ್ದು ಯಾವುದರಿಂದ ಅಂತ ಯಾರಿಗೂ ನೆನಪಿರಲಿಲ್ಲ.