ಟ್ರೌಟ್ ಹಿಡಿಯುವವರೇ ಹೊಳೆ ಕಾಯುತ್ತಾರೆ ಅಂದರೆ ನಂಬುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮೀನಿನ ಬಾಯಿಗೆ ಗಾಳ ಚುಚ್ಚಿ, ಎಳೆದು, ಆಮೇಲೆ ನೀರಿಗೆ ಬಿಡುವ ಹವ್ಯಾಸಕ್ಕೆ ನದಿ ಉಳಿಸುವ ಕೆಲಸ ಅಂತ ಹೆಸರು ಕೊಡುವುದು ಸರಿಯಾ? ಹೊಳೆ ಮೇಲೆ ಅಷ್ಟು ಪ್ರೀತಿ ಇದ್ದರೆ ಮೀನನ್ನು ಅದರ ಪಾಡಿಗೆ ಬಿಡಬಾರದಾ? ನಾನು ತುಂಬಾ ವರ್ಷಗಳಿಂದ ಟ್ರೌಟ್ ಅನ್ನುವ ತಣ್ಣೀರಿನ ಮೀನು ಹಿಡಿಯುತ್ತಿದ್ದೇನೆ, ಹಾಗಾಗಿ ಯಾರ ಪರ ಮಾತಾಡುತ್ತೇನೆ ಅಂತ ಮೊದಲೇ ಗೊತ್ತಿರಲಿ. ಆದರೂ ಪೂರ್ತಿ ಓದಿ.

ಮೊದಲು ನೋವಿನ ವಿಷಯ. ಮೀನಿಗೆ ಏನೂ ಅನ್ನಿಸುವುದಿಲ್ಲ ಅಂತ ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. ರೇನ್‌ಬೋ ಟ್ರೌಟ್‌ನ ತಲೆ ಮತ್ತು ಮುಖದಲ್ಲಿ ಗಾಯ, ಪೆಟ್ಟನ್ನು ಗ್ರಹಿಸುವ ನರಗಳಿವೆ ಅಂತ 2003ರಲ್ಲೇ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಅವರ ಜೊತೆಗಾರರು ತೋರಿಸಿದ್ದಾರೆ. ಅಂದರೆ ನಾವು ಗಾಳ ಹಾಕುವಾಗ ಮೀನಿಗೆ ತೊಂದರೆ ಕೊಡುತ್ತಿದ್ದೇವೆ, ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡಬೇಕು. ಈ ಕಾರಣಕ್ಕೆ ನೀವು ಗಾಳ ಮುಟ್ಟುವುದಿಲ್ಲ ಅಂದರೆ ನಾನು ವಾದಕ್ಕೆ ಬರುವುದಿಲ್ಲ.

ಆದರೆ ಹೊಳೆಗಳು ಸಾಯುವುದು ಗಾಳದಿಂದ ಅಲ್ಲ. ಯಾರೂ ನೋಡದೆ ಇರುವುದರಿಂದ ಸಾಯುತ್ತವೆ. ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇದನ್ನೇ.

ಟ್ರೌಟ್ ತುಂಬಾ ಸೂಕ್ಷ್ಮ ಮೀನು. ತಣ್ಣೀರು ಬೇಕು, ಹರಿಯುವ ನೀರು ಬೇಕು, ನೀರಿನಲ್ಲಿ ಆಮ್ಲಜನಕ ಜಾಸ್ತಿ ಬೇಕು. 10 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು, 20 ಡಿಗ್ರಿಗೆ ಬಂದರೆ ಅದು 9ಕ್ಕೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಮೀನಿನ ಮೈಗೆ ಉಸಿರು ಜಾಸ್ತಿ ಬೇಕು, ನೀರಿನಲ್ಲಿ ಸಿಗುವುದು ಮಾತ್ರ ಕಡಿಮೆ. ದಡದ ನಾಲ್ಕು ಮರ ಕಡಿದರೆ ನೆರಳು ಹೋಗುತ್ತದೆ, ನೆರಳು ಹೋದರೆ ಬೇಸಿಗೆಯಲ್ಲಿ ಅದೇ ನೀರು ಟ್ರೌಟ್‌ಗೆ ಉಸಿರುಗಟ್ಟಿಸುವ ಜಾಗ ಆಗುತ್ತದೆ. ಮೊಟ್ಟೆಯ ಕಥೆಯೂ ಹೀಗೇ. ಹೆಣ್ಣು ಮೀನು ಬಾಲ ಬಡಿದು ಸಣ್ಣ ಕಲ್ಲುಗಳ ನಡುವೆ ಗುಂಡಿ ಮಾಡಿ ಮೊಟ್ಟೆ ಇಟ್ಟು, ಮೇಲೆ ಕಲ್ಲು ಮುಚ್ಚುತ್ತದೆ. ಆ ಕಲ್ಲುಗಳ ಸಂದಿಯಲ್ಲಿ ನೀರು ಹರಿಯುತ್ತಾ ಇದ್ದರೆ ಮಾತ್ರ ಮೊಟ್ಟೆ ಬದುಕುತ್ತದೆ. ಹೂಳು ತುಂಬಿದರೆ ಮುಗಿಯಿತು. ಮೇಲಿಂದ ನೋಡುವವರಿಗೆ ಹೊಳೆ ಹಾಗೇ ಇರುತ್ತದೆ, ನೀರೂ ತಿಳಿಯಾಗೇ ಕಾಣಬಹುದು. ಒಳಗೆ ಒಂದು ವರ್ಷದ ಮರಿಗಳೆಲ್ಲ ಹೋಗಿರುತ್ತವೆ.

ಇದು ಯಾರಿಗೆ ಗೊತ್ತಾಗುತ್ತದೆ? ಸೇತುವೆ ಮೇಲೆ ಕಾರಿನಲ್ಲಿ ಹೋಗುವವರಿಗೆ ಗೊತ್ತಾಗುವುದಿಲ್ಲ. ವಾರ ವಾರ ಮೊಣಕಾಲುದ್ದ ನೀರಿಗೆ ಇಳಿಯುವವರಿಗೆ ಗೊತ್ತಾಗುತ್ತದೆ.

ನಾನು ಹೊಳೆಗೆ ಇಳಿದ ತಕ್ಷಣ ಗಾಳ ಹಾಕುವುದಿಲ್ಲ. ಮೊದಲು ಅಂಗೈ ಅಗಲದ ಒಂದು ಕಲ್ಲು ಎತ್ತಿ ತಿರುಗಿಸಿ ನೋಡುತ್ತೇನೆ. ಒಳ್ಳೆಯ ನೀರಾದರೆ ಕಲ್ಲಿನ ಅಡಿಭಾಗ ತುಂಬಾ ಜೀವ ಇರುತ್ತದೆ. ಮೇಫ್ಲೈ ಅನ್ನುವ ಹಾರುವ ಕೀಟದ ಚಪ್ಪಟೆ ಮೈಯ ಮರಿಗಳು ಬೆಳಕು ಬಿದ್ದ ಕೂಡಲೇ ಕಲ್ಲಿನ ಇನ್ನೊಂದು ಬದಿಗೆ ಸರಿಯುತ್ತವೆ. ಕ್ಯಾಡಿಸ್ ಹುಳ ಇನ್ನೂ ಚೆಂದ: ಬಾಯಿಂದ ರೇಷ್ಮೆ ಎಳೆ ತೆಗೆದು, ಮರಳಿನ ಕಣ, ಕಡ್ಡಿಯ ಚೂರು ಅಂಟಿಸಿ, ಮೈಗೆ ಸರಿಯಾಗಿ ಒಂದು ಕೊಳವೆ ಮನೆ ಕಟ್ಟಿಕೊಂಡಿರುತ್ತದೆ. ಹತ್ತಿರದಿಂದ ನೋಡಿದರೆ ಆ ಮರಳಿನ ಕಣಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿದ ಹಾಗಿರುತ್ತದೆ. ಸ್ವಲ್ಪ ಹೊತ್ತು ಸುಮ್ನೆ ಕಾದರೆ ಕೊಳವೆ ತುದಿಯಿಂದ ಪುಟ್ಟ ತಲೆ ಹೊರಗೆ ಬರುತ್ತದೆ. ಇವೇ ಟ್ರೌಟ್‌ನ ಊಟ. ಕೊಳಕು ನೀರಿನಲ್ಲಿ ಮೊದಲು ಕಾಣೆಯಾಗುವುದೂ ಇವೇ.

ಬ್ರಿಟನ್ನಿನಲ್ಲಿ ಇದನ್ನೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. 2007ರಿಂದ ಅಲ್ಲಿ ಮೀನು ಹಿಡಿಯುವವರೇ ತರಬೇತಿ ಪಡೆದು, ತಮ್ಮ ಹೊಳೆಯಲ್ಲಿ ಎಂಟು ಗುಂಪಿನ ನೀರುಹುಳಗಳನ್ನು ನಿಯಮಿತವಾಗಿ ಎಣಿಸುತ್ತಾರೆ. ಎಣಿಕೆ ಮೊದಲೇ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗೆ ಹೋದರೆ ಪರಿಸರ ಇಲಾಖೆಗೆ ಸುದ್ದಿ ಹೋಗುತ್ತದೆ. ಸರ್ಕಾರಿ ಪರೀಕ್ಷಕರು ಪ್ರತಿ ಹೊಳೆಗೂ ಪ್ರತಿ ತಿಂಗಳು ಬರುವುದಕ್ಕೆ ಆಗುತ್ತದಾ? ಇವರು ಹೇಗೂ ಅಲ್ಲೇ ಇರುತ್ತಾರೆ.

ನನ್ನ ಅನುಭವವನ್ನೂ ಹೇಳಬೇಕು. ಒಂದು ವರ್ಷ ನಾನು ಸದಾ ಹೋಗುವ ಜಾಗದಲ್ಲಿ ಕಲ್ಲು ಎತ್ತಿದರೆ ಅಡಿಯಲ್ಲಿ ಬರೀ ಕಂದು ಲೋಳೆ. ಹತ್ತು ಕಲ್ಲು ತಿರುಗಿಸಿದೆ, ಒಂದೇ ಒಂದು ಕ್ಯಾಡಿಸ್ ಮನೆ ಸಿಕ್ಕಿತು, ಅದೂ ಖಾಲಿ. ನೀರಿನ ಎದುರಿಗೆ ನಡೆಯುತ್ತಾ ಹೋದೆ. ಸುಮಾರು ಒಂದು ಕಿಲೋಮೀಟರ್ ಮೇಲೆ ಒಂದು ಕಟ್ಟಡದ ಕೆಲಸ ನಡೆಯುತ್ತಿತ್ತು, ಅಗೆದ ಮಣ್ಣನ್ನೆಲ್ಲ ಇಳಿಜಾರಿನ ಅಂಚಿಗೆ ರಾಶಿ ಹಾಕಿದ್ದರು, ಮಳೆ ಬಂದಾಗಲೆಲ್ಲ ಅದು ಒಂದು ಚಿಕ್ಕ ಚರಂಡಿ ಹಿಡಿದು ನೇರವಾಗಿ ಹೊಳೆಗೆ ಬರುತ್ತಿತ್ತು. ಫೋಟೋ ತೆಗೆದೆ, ತಾರೀಕು ಬರೆದಿಟ್ಟೆ. ಕಚೇರಿಯಲ್ಲಿ ಮೊದಲ ಸಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೇ ಸಲ ನಾವು ಐದು ಜನ ಹೋದೆವು, ನನ್ನ ಹತ್ತಿರ ಹಿಂದಿನ ಮೂರು ವರ್ಷ ಅದೇ ಜಾಗದಲ್ಲಿ ಏನೇನು ಹುಳ ಕಂಡೆ ಅಂತ ಬರೆದ ನೋಟ್‌ಬುಕ್ ಇತ್ತು. ಆ ನೋಟ್‌ಬುಕ್ ನೋಡಿದ ಮೇಲೆ ಅವರು ಸ್ಥಳಕ್ಕೆ ಬಂದರು. ಮಣ್ಣಿಗೆ ತಡೆ ಬಿತ್ತು, ಚರಂಡಿಯನ್ನು ಬೇರೆ ಕಡೆ ತಿರುಗಿಸಿದರು. ಕ್ಯಾಡಿಸ್ ವಾಪಸ್ ಬರುವುದಕ್ಕೆ ಎರಡು ವರ್ಷ ಹಿಡಿಯಿತು. ಮೀನು ಹಿಡಿಯುವ ಆಸೆ ಇಲ್ಲದಿದ್ದರೆ ನಾನು ಆ ಕಲ್ಲು ಎತ್ತುತ್ತಲೇ ಇರಲಿಲ್ಲ.

ಕೋರ್ಟಿನವರೆಗೂ ಹೋದವರಿದ್ದಾರೆ. ಇಂಗ್ಲೆಂಡಿನ ಡರ್ಬಿ ಊರಿನ ಹತ್ತಿರ ಡರ್ವೆಂಟ್ ನದಿಗೆ ಕಾರ್ಖಾನೆಯ ತ್ಯಾಜ್ಯ, ಸರಿಯಾಗಿ ಶುದ್ಧ ಮಾಡದ ಊರಿನ ಚರಂಡಿ ನೀರು, ವಿದ್ಯುತ್ ಕೇಂದ್ರದ ಬಿಸಿನೀರು ಎಲ್ಲ ಬೀಳುತ್ತಿತ್ತು. ಅಲ್ಲಿನ ಮೀನು ಹಿಡಿಯುವವರ ಸಂಘ ಕಂಪನಿ, ನಗರಸಭೆ, ವಿದ್ಯುತ್ ಮಂಡಳಿ ಮೂವರ ಮೇಲೂ ದಾವೆ ಹಾಕಿ, 1952ರಲ್ಲಿ ಗೆದ್ದಿತು. ಒಂದು ಹವ್ಯಾಸದ ಸಂಘ! ಊರಿಗೆಲ್ಲ ಬೇಕಾದ ಕೆಲಸ ಅಂತ ನಗರಸಭೆ ಮಾಡಿದ ವಾದವೂ ನಿಲ್ಲಲಿಲ್ಲ. ಯಾಕೆ ಗೆದ್ದರು ಗೊತ್ತಾ? ಆ ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಅವರ ಹೆಸರಿನಲ್ಲಿತ್ತು. ನದಿ ಎಲ್ಲರದೂ ಅಂದಾಗ ಎಷ್ಟೋ ಸಲ ಅದು ಯಾರದೂ ಅಲ್ಲದಂತಾಗುತ್ತದೆ, ಅಲ್ವಾ? ಇಲ್ಲಿ ನಷ್ಟ ಆಯಿತು ಅಂತ ಎದ್ದು ನಿಂತು ಹೇಳುವುದಕ್ಕೆ ಜನ ಇದ್ದರು.

ದುಡ್ಡಿನ ಲೆಕ್ಕವೂ ಇದೆ. ಅಮೆರಿಕದಲ್ಲಿ 1950ರ ಒಂದು ಕಾನೂನಿನ ಪ್ರಕಾರ ಗಾಳ, ಕೋಲು, ರೀಲು ಇಂಥ ಸಾಮಾನಿನ ಮೇಲೆ 10 ಶೇಕಡಾ ತೆರಿಗೆ ಹಾಕಿ, ಆ ಹಣವನ್ನು ಮೀನು ಮತ್ತು ಅವುಗಳ ನೆಲೆ ಸುಧಾರಿಸುವ ಕೆಲಸಕ್ಕೆ ರಾಜ್ಯಗಳಿಗೆ ಕೊಡುತ್ತಾರೆ. ಗಾಳ ಕೊಳ್ಳುವವನು ಹೊಳೆಗೂ ಕೊಡುತ್ತಾನೆ.

ಇನ್ನು ನಮ್ಮ ತಪ್ಪುಗಳು. ಇದನ್ನು ಮುಚ್ಚಿಟ್ಟರೆ ನೀವು ನನ್ನ ಮಾತು ನಂಬಬೇಕಾಗಿಲ್ಲ. ಹವ್ಯಾಸಕ್ಕಾಗಿ ಟ್ರೌಟ್ ಅನ್ನು ಅದರ ಸ್ವಂತ ನೆಲೆ ಅಲ್ಲದ ನೀರಿಗೆಲ್ಲ ಬಿಟ್ಟವರು ನಮ್ಮವರೇ. ಎಷ್ಟೋ ಕಡೆ ಅಲ್ಲಿನ ಮೂಲ ಮೀನು, ಕಪ್ಪೆಗಳಿಗೆ ಅದರಿಂದ ಹೊಡೆತ ಬಿದ್ದಿದೆ. ಅಮೆರಿಕದ ಯೆಲ್ಲೋಸ್ಟೋನ್ ಸರೋವರದಲ್ಲಿ 1994ರಲ್ಲಿ ಲೇಕ್ ಟ್ರೌಟ್ ಕಂಡುಬಂತು, ಅದು ಅಲ್ಲಿನ ಮೀನಲ್ಲ. ಅಲ್ಲಿಯದೇ ಆದ ಕಟ್‌ಥ್ರೋಟ್ ಟ್ರೌಟ್ ಮೊಟ್ಟೆ ಇಡಲು ತೊರೆಗಳಿಗೆ ಹತ್ತಿ ಬರುತ್ತಿತ್ತು, ಕರಡಿಗಳು ಅಲ್ಲಿ ಕಾದು ಹಿಡಿಯುತ್ತಿದ್ದವು. ಲೇಕ್ ಟ್ರೌಟ್ ಆಳದಲ್ಲೇ ಇರುತ್ತದೆ, ಕರಡಿಗೆ ಸಿಗುವುದಿಲ್ಲ, ಕಟ್‌ಥ್ರೋಟ್ ಅನ್ನು ತಿಂದು ತುಂಬಾ ಕಡಿಮೆ ಮಾಡಿತು. ಈಗಲೂ ಬಲೆ ಹಾಕಿ ಅದನ್ನು ತೆಗೆಯುತ್ತಲೇ ಇದ್ದಾರೆ. ಹಾಗಾಗಿ ನಾನು ಟ್ರೌಟ್ ಪರ ಮಾತಾಡುವಾಗ ಕಂಡ ಕಂಡ ಹೊಳೆಗೆ ಟ್ರೌಟ್ ಮರಿ ತಂದು ಸುರಿಯುವುದರ ಪರ ಅಲ್ಲ, ಅದರ ವಿರುದ್ಧ.

ಟ್ರೌಟ್ ಈಗಾಗಲೇ ತಾನಾಗಿ ಬೆಳೆಯುವ ಹೊಳೆಗೂ ಸಾಕಿದ ಮೀನು ಸುರಿಯುವುದರಿಂದ ಒಳ್ಳೆಯದಾಗುತ್ತದೆ ಅಂತ ಹೇಳುವುದಕ್ಕೆ ಬರುವುದಿಲ್ಲ. ಅಮೆರಿಕದ ಮೊಂಟಾನಾ ರಾಜ್ಯ 1974ರ ಹೊತ್ತಿಗೆ, ಕಾಡು ಟ್ರೌಟ್ ತಾನಾಗಿ ಬೆಳೆಯುವ ನದಿಗಳಿಗೆ ಸಾಕಿದ ಮೀನು ಬಿಡುವುದನ್ನು ನಿಲ್ಲಿಸಿತು. ಜನ ಸಿಟ್ಟಾದರು, ಹಿಡಿಯಲು ಏನು ಉಳಿಯುತ್ತದೆ ಅಂತ ಕೇಳಿದರು. ಆದರೆ ಅಲ್ಲಿನ ಮ್ಯಾಡಿಸನ್ ನದಿಯಲ್ಲಿ ಎಣಿಸಿ ನೋಡಿದಾಗ, ಸುರಿಯುವುದು ನಿಂತ ಮೇಲೆ ಕಾಡು ಮೀನು ಜಾಸ್ತಿಯೇ ಆಗಿತ್ತು.

ಹಿಡಿದು ಬಿಡುವುದರಲ್ಲೂ ಹಾಗೇ, ಬಿಟ್ಟೆ ಅಂದ ಮಾತ್ರಕ್ಕೆ ಮೀನು ಬದುಕಿತು ಅಂತ ಅಲ್ಲ. 1992ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರೇನ್‌ಬೋ ಟ್ರೌಟ್‌ಗಳನ್ನು ಸುಸ್ತಾಗುವವರೆಗೆ ಓಡಿಸಿ ನೋಡಿದರು. ನೀರಿನಲ್ಲೇ ಬಿಟ್ಟವುಗಳಲ್ಲಿ 12 ಶೇಕಡಾ ಸತ್ತವು. 30 ಸೆಕೆಂಡು ಗಾಳಿಯಲ್ಲಿ ಹಿಡಿದವುಗಳಲ್ಲಿ 38 ಶೇಕಡಾ. ಒಂದು ನಿಮಿಷ ಹಿಡಿದವುಗಳಲ್ಲಿ 72! ಪ್ರಯೋಗಾಲಯದ ಮೀನಿಗೆ ಬೇರೆ ಒತ್ತಡಗಳೂ ಇರುತ್ತವೆ, ನಿಜ. ಆದರೂ ಆ ಅಂಕಿ ಓದಿದ ದಿನದಿಂದ ನಾನು ಮೀನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡಿಲ್ಲ. ಗಾಳದ ತುದಿಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತೇನೆ, ಒಂದು ಸಲ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟುತ್ತೇನೆ, ಒಣ ಕೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ಜೇಬಿನಲ್ಲಿ ಒಂದು ಥರ್ಮಾಮೀಟರ್ ಇರುತ್ತದೆ. ನೀರು 20 ಡಿಗ್ರಿ ಹತ್ತಿರ ಬಂದರೆ ಕೋಲು ಮಡಚಿ ಮನೆಗೆ, ಆ ಬಿಸಿಯಲ್ಲಿ ಸುಸ್ತಾದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಎಷ್ಟು ದೂರದಿಂದ ಬಂದಿದ್ದರೂ ಸರಿ. ಬೂಟನ್ನು ತೊಳೆದು ಒಣಗಿಸದೆ ಇನ್ನೊಂದು ಹೊಳೆಗೆ ಇಳಿಯುವುದಿಲ್ಲ. ನ್ಯೂಜಿಲೆಂಡ್‌ನಲ್ಲಿ 2004ರಲ್ಲಿ ಡಿಡಿಮೊ ಅನ್ನುವ ಹೊರಗಿನ ಪಾಚಿ ಕಾಣಿಸಿಕೊಂಡು ಕಲ್ಲುಗಳನ್ನೆಲ್ಲ ದಪ್ಪ ಕಂಬಳಿಯ ಹಾಗೆ ಮುಚ್ಚತೊಡಗಿತು, 2008ರಲ್ಲಿ ಅವರು ಫೆಲ್ಟ್ (ನೀರು ಹೀರುವ ದಪ್ಪ ಬಟ್ಟೆ) ಅಡಿಯ ಬೂಟುಗಳನ್ನೇ ನಿಷೇಧಿಸಿದರು. ಒದ್ದೆ ಫೆಲ್ಟ್‌ನಲ್ಲಿ ಇಂಥವು ಉಳಿದುಕೊಂಡು ನಮ್ಮ ಕಾಲಲ್ಲೇ ಸವಾರಿ ಮಾಡುತ್ತವೆ.

ನೀವು ಗಾಳ ಹಿಡಿಯಬೇಕು ಅಂತ ನಾನು ಕೇಳುತ್ತಿಲ್ಲ. ಆದರೆ ಹೊಳೆ ಉಳಿಸುವ ಸಭೆಗೆ ಮೀನು ಹಿಡಿಯುವವರು ಬಂದರೆ ಅವರನ್ನು ಹೊರಗೆ ಕೂರಿಸಬೇಡಿ, ನೀರು ಯಾವ ತಿಂಗಳು ಹೇಗಿತ್ತು ಅಂತ ಅವರ ತಲೆಯಲ್ಲಿ ಇರುತ್ತದೆ. ಸಾಧ್ಯವಾದರೆ ಒಂದು ಬೆಳಿಗ್ಗೆ ಹತ್ತಿರದ ಯಾವುದಾದರೂ ತೊರೆಗೆ ಹೋಗಿ, ನೀರಿಗಿಳಿದು ಒಂದು ಕಲ್ಲು ತಿರುಗಿಸಿ ನೋಡಿ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ಯಾವ ಹುಳ ಅಂತ ಗುರುತು ಹಿಡಿಯಲು ನಾನು ಸಹಾಯ ಮಾಡುತ್ತೇನೆ. ಕಲ್ಲನ್ನು ಮಾತ್ರ ಮೊದಲಿದ್ದ ಮಗ್ಗುಲಿಗೇ, ಮೆಲ್ಲಗೆ ವಾಪಸ್ ಇಡಿ.