ಹೇರ್ ಸಲೂನ್‌ಗೆ ಕಿರಾಣಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಸಾಕಾಗದೇ? ಯಾವುದನ್ನು ಆರಿಸಬೇಕು?

ಒಬ್ಬರೇ ಕತ್ತರಿ ಹಿಡಿಯುವ ಅಂಗಡಿಯಾದರೆ ಸಾಕು. ಮೂರ್ನಾಲ್ಕು ಜನ ಕೆಲಸಕ್ಕಿದ್ದರೆ, ಬಿಲ್ಲಿನ ಪ್ರತಿ ಸಾಲಿಗೂ ಬೇರೆ ಬೇರೆ ಕೆಲಸಗಾರರ ಹೆಸರು ಹಾಕಲು ಬರುವ ಸಾಫ್ಟ್‌ವೇರ್ ಬೇಕು.

ಕಿರಾಣಿ ಬಿಲ್ಲಿಗೆ ವಸ್ತು, ಬೆಲೆ ಇದ್ದರೆ ಮುಗಿಯಿತು. ಸಲೂನಿನಲ್ಲಿ ಒಂದೇ ಗಿರಾಕಿಗೆ ಒಬ್ಬರು ಕಟಿಂಗ್ ಮಾಡಿ, ಇನ್ನೊಬ್ಬರು ಬಣ್ಣ ಹಚ್ಚಿರುತ್ತಾರೆ. ಕಮಿಷನ್ ಲೆಕ್ಕ ಹುಟ್ಟುವುದೇ ಆ ಹೆಸರುಗಳಿಂದ. ಇಡೀ ಬಿಲ್ಲಿಗೆ ಒಂದೇ ಹೆಸರಾದರೆ ತಿಂಗಳ ಕೊನೆಗೆ ನೋಟ್‌ಬುಕ್ಕು, ಜೊತೆಗೆ ಜಗಳ.

ಹೆಚ್ಚು ಎಡವುವುದು ಪ್ಯಾಕೇಜಿನಲ್ಲಿ. ಗಿರಾಕಿ 5,000 ರೂಪಾಯಿ ಮುಂಗಡ ಕಟ್ಟಿ 6,000 ರೂಪಾಯಿಯ ಸೇವೆ ಪಡೆಯುತ್ತಾರೆ ಅನ್ನಿ. ಪ್ರತಿ ಭೇಟಿಗೂ ಬಾಕಿ ತಾನಾಗಿ ಇಳಿಯಬೇಕು. ಕಮಿಷನ್ ಯಾವ ಮೊತ್ತದ ಮೇಲೆ ಎಂಬುದನ್ನು ನೀವೇ ನಿಗದಿ ಮಾಡುವಂತಿರಬೇಕು. ಇಲ್ಲದಿದ್ದರೆ ಬಾರದ 1,000 ರೂಪಾಯಿಗೂ ಕಮಿಷನ್ ಕೊಡುತ್ತೀರಿ.

ಜಿಎಸ್‌ಟಿ ನೋಂದಣಿ ಇದ್ದರೆ ಸೇವೆಗೂ ಮಾರುವ ಸಾಮಾನಿಗೂ ಬೇರೆ ದರ ಹಾಕಲು ಬರಬೇಕು. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗೆ ಶೇ 5, ಆದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಇದರಿಂದ ಕಡಿತ ಮಾಡಿಕೊಳ್ಳುವಂತಿಲ್ಲ. ನೋಂದಣಿ ಇಲ್ಲದಿದ್ದರೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತೆಯೇ ಇಲ್ಲ.

ಡೆಮೊದಲ್ಲಿ ಸಾಫ್ಟ್‌ವೇರ್ ಮಾರುವವರು ತೋರಿಸಿದ್ದಕ್ಕೆ ತಲೆಯಾಡಿಸಬೇಡಿ. ನೀವೇ ಒಂದು ಬಿಲ್ ಹಾಕಿ: ಇಬ್ಬರ ಕೆಲಸ, ಒಂದು ಶಾಂಪೂ ಬಾಟಲಿ, ಪ್ಯಾಕೇಜಿನಿಂದ ಸ್ವಲ್ಪ, ಉಳಿದದ್ದು ಅರ್ಧ ಯುಪಿಐ, ಅರ್ಧ ನಗದು. ನಂತರ ಇಂಟರ್ನೆಟ್ ಆಫ್ ಮಾಡಿ ಇನ್ನೊಂದು. ವರ್ಷದ ಹಣ ಕಟ್ಟುವ ಮೊದಲೇ ಗಿರಾಕಿಗಳ ಪಟ್ಟಿ, ಪ್ಯಾಕೇಜ್ ಬಾಕಿ ಎರಡೂ ಎಕ್ಸೆಲ್‌ಗೆ ಇಳಿಯುತ್ತವೆಯೇ ನೋಡಿ. ಎಷ್ಟೋ ಕಡೆ ಪಟ್ಟಿ ಮಾತ್ರ ಬರುತ್ತದೆ.